ಬಲ್ಗೇರಿಯಾಕ್ಕೆ 10, ಐರ್ಲೆಂಡಿಗೆ 42: ಈ ಲೆಕ್ಕ ಹಾಕಿದ್ದು ಯಾರು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನ ಜಿಲ್ಲೆಯವನು. ಆರು ವರ್ಷದಿಂದ ಐರ್ಲೆಂಡಿನ ಕಾರ್ಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹೋದ ವರ್ಷ ಇಲ್ಲೇ ಒಂದು ಹಳೇ ಮನೆ ತಗೊಂಡೆವು. ಇಲ್ಲಿ ಸುದ್ದಿಯಲ್ಲಿ ಪದೇ ಪದೇ ಒಂದೇ ಮಾತು: ಹವಾಮಾನದ ಗುರಿ ಮುಟ್ಟದಿದ್ದರೆ ಐರ್ಲೆಂಡ್ 800 ಕೋಟಿಯಿಂದ 2,600 ಕೋಟಿ ಯೂರೋವರೆಗೆ ದಂಡ ಕಟ್ಟಬೇಕಂತೆ. ಆಫೀಸಿನಲ್ಲಿ ಬಲ್ಗೇರಿಯಾದ ಗೆಳೆಯನೊಬ್ಬನಿದ್ದಾನೆ. 2030ರ ಹೊತ್ತಿಗೆ ಅವರ ದೇಶ ಹಸಿರುಮನೆ ಅನಿಲ ಶೇ. 10 ಇಳಿಸಿದರೆ ಸಾಕಂತೆ, ನಮಗೆ ಶೇ. 42. ಇದು ಯಾವ ನ್ಯಾಯ? ಜರ್ಮನಿಯಂಥ ದೇಶ ದುಡ್ಡು ಕೊಟ್ಟು ಬೇರೆಯವರ ಕೋಟಾ ಕೊಂಡು ಪಾರಾಗಿದೆ ಅಂತಲೂ ಕೇಳಿದೆ. ಹಾಗಾದರೆ ಇದೆಲ್ಲ ಬರೀ ನಾಟಕವಾ? ಇಲ್ಲಿ ಎಲ್ಲರೂ ಡೇಟಾ ಸೆಂಟರ್‌ಗಳನ್ನು ಬೈಯುತ್ತಾರೆ. ಊರಲ್ಲಿ ನಮ್ಮ ಭಾವ ಹಸು ಸಾಕಿದ್ದಾರೆ, ಡೈರಿಗೆ ಹಾಲು ಹಾಕ್ತಾರೆ. "ಐರ್ಲೆಂಡಲ್ಲಿ ಎರಡು ಲಕ್ಷ ಹಸು ಕೊಲ್ತಾರಂತೆ, ನಾಳೆ ನಮ್ಮಲ್ಲಿಗೂ ಬರುತ್ತೆ" ಅಂತ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಅವರಿಗೆ ಏನು ಹೇಳಲಿ? ಈ ದಂಡ ನಮ್ಮ ತೆರಿಗೆಯಿಂದಲೇ ತಾನೇ ಹೋಗುವುದು? ಮನೆ ಬೆಚ್ಚಗಿಡಲು ಆಯಿಲ್ ಬಾಯ್ಲರ್ ಇದೆ. ಈಗಲೇ ಬದಲಿಸಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಟ್ಟಿಗೆ ಸೇರಿಕೊಂಡಿವೆ. ಪಾಲು ಹಂಚಿದ್ದು ಸರಿಯಾ, ಪಾಲು ತಪ್ಪಿದರೆ ಏನಾಗುತ್ತೆ, ಅದರಲ್ಲಿ ನಿಮ್ಮ ಜೇಬಿಗೆ ಎಷ್ಟು. ದೇಶಗಳ ಎಮಿಷನ್, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ ಎಷ್ಟು ಬಿಟ್ಟರು ಅನ್ನುವ ಲೆಕ್ಕ ನೋಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಮೂರೂ ನನಗೆ ಹಳೇ ಪರಿಚಯ. ಆದರೆ ಮೊದಲು ಈ 42 ಅನ್ನುವುದು ಯಾವುದರ 42 ಅಂತ ನೋಡಬೇಕು. ಅರ್ಧ ಜಗಳ ಹುಟ್ಟುವುದೇ ಅಲ್ಲಿ.

ಯುರೋಪಿನಲ್ಲಿ ಹಸಿರುಮನೆ ಅನಿಲಗಳನ್ನೆಲ್ಲ ಒಂದೇ ಖಾತೆಯಲ್ಲಿ ಬರೆಯುವುದಿಲ್ಲ. ವಿದ್ಯುತ್ ಸ್ಥಾವರ, ಉಕ್ಕು, ಸಿಮೆಂಟ್, ತೈಲ ಸಂಸ್ಕರಣೆಯಂಥ ದೊಡ್ಡ ಕಾರ್ಖಾನೆಗಳು, ಯುರೋಪಿನೊಳಗೇ ಹಾರುವ ವಿಮಾನಗಳು, ಇವೆಲ್ಲ ಇಟಿಎಸ್ ಅನ್ನುವ ಖಾತೆಗೆ ಸೇರಿವೆ. 2005ರಲ್ಲಿ ಶುರುವಾದ ವ್ಯವಸ್ಥೆ ಅದು. ಅಲ್ಲಿ ದೇಶದೇಶಕ್ಕೆ ಪಾಲು ಅಂತ ಇಲ್ಲ. ಇಡೀ ಯುರೋಪಿಗೆ ಒಂದೇ ಮಿತಿ, ಕಂಪನಿಗಳು ತಾವು ಬಿಟ್ಟ ಪ್ರತಿ ಟನ್ನಿಗೆ ಒಂದು ಪರ್ಮಿಟ್ ತೋರಿಸಬೇಕು. 2005ಕ್ಕೆ ಹೋಲಿಸಿದರೆ 2030ಕ್ಕೆ ಆ ಮಿತಿ ಶೇ. 62 ಇಳಿದಿರಬೇಕು.

ಉಳಿದದ್ದು ಕಾರು, ಲಾರಿ, ಮನೆ ಬೆಚ್ಚಗಿಡುವ ಎಣ್ಣೆ ಮತ್ತು ಗ್ಯಾಸು, ಬೇಸಾಯ, ದನ, ಸಣ್ಣ ಕೈಗಾರಿಕೆ, ಕಸ. ಒಟ್ಟು ಎಮಿಷನ್ನಿನಲ್ಲಿ ಇದು ಸುಮಾರು ಶೇ. 60. ದೇಶಗಳ ನಡುವೆ ಹಂಚಿರುವುದು ಇದನ್ನು ಮಾತ್ರ. ಇದಕ್ಕೇ ಎಫರ್ಟ್ ಶೇರಿಂಗ್ ಅಂತಾರೆ. ನಿಮ್ಮ 42, ನಿಮ್ಮ ಗೆಳೆಯನ 10 ಎರಡೂ ಈ ಖಾತೆಯವು, ಎರಡಕ್ಕೂ ಬುಡ 2005ರ ಲೆಕ್ಕ. (ಯಾಕೆ 2005? ಕಾರ್ಖಾನೆಗಳ ಲೆಕ್ಕ ಪರಿಶೀಲನೆಯಾಗಿ ಪ್ರತ್ಯೇಕವಾಗಿ ಸಿಗಲು ಶುರುವಾಗಿದ್ದೇ ಆ ವರ್ಷ.)

ಈಗ ಡೇಟಾ ಸೆಂಟರ್ ವಿಷಯ. 2023ರಲ್ಲಿ ಐರ್ಲೆಂಡಿನ ಒಟ್ಟು ವಿದ್ಯುತ್ತಿನಲ್ಲಿ ಶೇ. 21ರಷ್ಟನ್ನು ಅವೇ ಬಳಸಿದವು. ಕರೆಂಟ್ ಬಿಲ್ಲಿಗೆ, ಗ್ರಿಡ್ಡಿಗೆ ಅದು ದೊಡ್ಡ ತಲೆನೋವೇ ಸರಿ. ಆದರೆ ವಿದ್ಯುತ್ ಇರುವುದು ಇಟಿಎಸ್ ಖಾತೆಯಲ್ಲಿ. ನಾಳೆ ಬೆಳಗ್ಗೆ ಎಲ್ಲ ಡೇಟಾ ಸೆಂಟರಿಗೂ ಬೀಗ ಹಾಕಿದರೂ 42ರ ಲೆಕ್ಕ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಹಾಗೇ ಕ್ಲೇರ್ ಕೌಂಟಿಯ ಮನಿಪಾಯಿಂಟ್ ಸ್ಥಾವರ 2025ರ ಜೂನ್‌ನಲ್ಲಿ ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಿತು. ಒಳ್ಳೆಯ ಸುದ್ದಿ, ಸಂತೋಷ. ಆದರೆ ಈ ಖಾತೆಗೆ ಒಂದು ಟನ್ನೂ ಜಮೆ ಆಗಲಿಲ್ಲ. ಇನ್ನು ನೀವು ದುಬೈ ಮೇಲೆ ಬೆಂಗಳೂರಿಗೆ ಬರ್ತೀರಲ್ಲ, ಆ ವಿಮಾನದ್ದು? ಸದ್ಯಕ್ಕೆ ಅದು ಎರಡೂ ಖಾತೆಯಲ್ಲಿಲ್ಲ!

ಸರಿ, ಹಂಚಿದ್ದು ಹೇಗೆ?

ಊರಹಬ್ಬಕ್ಕೆ ವಂತಿಗೆ ಎತ್ತುವಾಗ ಎಲ್ಲ ಮನೆಗೂ ಒಂದೇ ಮೊತ್ತ ಬರೆಯುವುದಿಲ್ಲ, ಅಲ್ವಾ? ಯಾರಿಗೆ ಎಷ್ಟು ಅನ್ನುವುದರಲ್ಲಿ ಜಮೀನಿನ ಲೆಕ್ಕವೂ ಇರುತ್ತೆ, ಜಗಲಿಯ ಮೇಲಿನ ಚೌಕಾಸಿಯೂ ಇರುತ್ತೆ. ಯುರೋಪಿನ ಪಟ್ಟಿಯಲ್ಲೂ ಎರಡೂ ಇವೆ. ನನಗೆ ಕೇಳಿದರೆ, ಶುರುವಿನಲ್ಲಿ ಚೌಕಾಸಿಯದೇ ಮೇಲುಗೈ.

1997ರಲ್ಲಿ, ಜಪಾನಿನ ಕ್ಯೋಟೊದ ಜಾಗತಿಕ ಹವಾಮಾನ ಸಭೆಗೆ ಮುಂಚೆ, ಯುರೋಪಿನ 15 ದೇಶಗಳು ಒಂದು ನಿರ್ಧಾರಕ್ಕೆ ಬಂದವು. ಜಗತ್ತಿನ ಎದುರು ಒಟ್ಟಾಗಿ ಒಂದೇ ಅಂಕಿ ಹೇಳೋಣ, ಒಳಗೆ ನಾವು ನಾವೇ ಹಂಚಿಕೊಳ್ಳೋಣ ಅಂತ. ಆಗ ಯುರೋಪಿಯನ್ ಒಕ್ಕೂಟದ ಅಧ್ಯಕ್ಷತೆ ನೆದರ್ಲೆಂಡ್ಸ್ ಕೈಲಿತ್ತು. ಅವರು ಉಟ್ರೆಕ್ಟ್ ವಿಶ್ವವಿದ್ಯಾಲಯದವರಿಂದ ಒಂದು ಸೂತ್ರ ಮಾಡಿಸಿ, ಆ ಜನವರಿಯಲ್ಲಿ ಝೈಸ್ಟ್ ಎಂಬ ಊರಿನಲ್ಲಿ ಎಲ್ಲ ದೇಶದವರನ್ನೂ ಕೂರಿಸಿದರು. ಸೂತ್ರ ಜಾಣತನದ್ದು. ದೇಶದ ಎಮಿಷನ್ ಅನ್ನು ಮೂರು ಭಾಗ ಮಾಡು: ವಿದ್ಯುತ್, ಭಾರಿ ಕೈಗಾರಿಕೆ, ಉಳಿದ ಮನೆ-ರಸ್ತೆ-ಬೇಸಾಯ. ಒಂದೊಂದಕ್ಕೂ ಬೇರೆ ನಿಯಮ ಹಾಕು, ಕೊನೆಗೆ ಕೂಡಿಸು. ಬಡ ದೇಶಕ್ಕೆ ಕರೆಂಟ್ ಬಳಕೆ ಬೆಳೆಯಲು ಜಾಗ ಬಿಡು, ಕಲ್ಲಿದ್ದಲು ಜಾಸ್ತಿ ಸುಡುವವರಿಗೆ ಜಾಸ್ತಿ ಹೇಳು. ಆ ಸೂತ್ರದಿಂದ ಮಾತುಕತೆಗೆ ಒಂದು ನೆಲೆ ಸಿಕ್ಕಿತು. ಆಮೇಲೆ ಮಂತ್ರಿಗಳು ಕೂತು ಅಂಕಿಗಳನ್ನು ಎಳೆದಾಡಿದರು.

ಕ್ಯೋಟೊದಲ್ಲಿ ಯುರೋಪ್ ಒಪ್ಪಿದ್ದು ಶೇ. 8ರ ಇಳಿಕೆ. 1998ರ ಜೂನ್‌ನಲ್ಲಿ ಲಕ್ಸೆಂಬರ್ಗ್‌ನಲ್ಲಿ ಪಟ್ಟಿ ಅಖೈರಾಯಿತು. ಅದನ್ನು ಒಮ್ಮೆ ಓದಬೇಕು. 1990ಕ್ಕೆ ಹೋಲಿಸಿದರೆ ಲಕ್ಸೆಂಬರ್ಗ್ ಶೇ. 28 ಇಳಿಸಬೇಕು, ಜರ್ಮನಿ ಮತ್ತು ಡೆನ್ಮಾರ್ಕ್ 21, ಬ್ರಿಟನ್ 12.5. ಫ್ರಾನ್ಸಿಗೆ ಸೊನ್ನೆ. ಸ್ವೀಡನ್ ಶೇ. 4 ಏರಿಸಬಹುದು, ನಿಮ್ಮ ಐರ್ಲೆಂಡ್ 13, ಸ್ಪೇನ್ 15, ಗ್ರೀಸ್ 25, ಪೋರ್ಚುಗಲ್ 27. ಹೌದು, ಏರಿಸಬಹುದು! ಇವತ್ತು 42ಕ್ಕೆ ಗೊಣಗುವ ಐರ್ಲೆಂಡಿಗೆ ಅಂದು ಸಿಕ್ಕಿದ್ದು ಏರಿಸುವ ಪರವಾನಗಿ.

ಈ ಅಂಕಿಗಳ ಹಿಂದೆ ಒಂದೊಂದು ಕಥೆ ಇದೆ. ಜರ್ಮನಿಯ 21 ತ್ಯಾಗದಂತೆ ಕಾಣುತ್ತೆ. ಆದರೆ ಎರಡು ಜರ್ಮನಿಗಳು ಒಂದಾದ ಮೇಲೆ ಪೂರ್ವದ ಲಿಗ್ನೈಟ್ (ಕಂದು ಕಲ್ಲಿದ್ದಲು) ಸುಡುವ ಹಳೇ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದವು. 1990 ಬುಡವಾದ್ದರಿಂದ ಆ ಇಳಿಕೆಯಲ್ಲಿ ಬಹುಪಾಲು ಅದಾಗಲೇ ಗಂಟಿನಲ್ಲಿತ್ತು. ಬ್ರಿಟನ್ ಬೇರೆ ಕಾರಣಕ್ಕೆ ಕಲ್ಲಿದ್ದಲು ಬಿಟ್ಟು ಉತ್ತರ ಸಮುದ್ರದ ಗ್ಯಾಸಿಗೆ ಹೊರಳಿತ್ತು. ಫ್ರಾನ್ಸಿನಲ್ಲಿ ಕರೆಂಟೆಲ್ಲ ಹೆಚ್ಚಾಗಿ ಅಣುಸ್ಥಾವರದ್ದು, ಹಾಗಾಗಿ ಇಳಿಸಲು ಸುಲಭದ ಜಾಗ ಇರಲಿಲ್ಲ. ಲಕ್ಸೆಂಬರ್ಗಿನ ಉಕ್ಕಿನ ಕಾರ್ಖಾನೆಗಳು ಕೋಕ್ ಸುಡುವ ಕುಲುಮೆ ಬಿಟ್ಟು ವಿದ್ಯುತ್ ಕುಲುಮೆಗೆ ಬದಲಾಗುತ್ತಿದ್ದವು.

ಲಕ್ಸೆಂಬರ್ಗ್ ಹೆಸರು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಈ ಲೆಕ್ಕದ ಸ್ವಭಾವ ಅದರಲ್ಲಿ ಚೆನ್ನಾಗಿ ಕಾಣುತ್ತೆ. ವಾಹನದ ಹೊಗೆಯನ್ನು ಯಾರೂ ಸೈಲೆನ್ಸರಿಗೆ ಮೂಗು ಹಿಡಿದು ಅಳೆಯುವುದಿಲ್ಲ. ದೇಶದಲ್ಲಿ ಎಷ್ಟು ಲೀಟರ್ ಇಂಧನ ಮಾರಾಟವಾಯಿತೋ ಅದನ್ನೇ ಗುಣಿಸುತ್ತಾರೆ. ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಲಕ್ಸೆಂಬರ್ಗ್‌ನಲ್ಲಿ ತೆರಿಗೆ ಕಮ್ಮಿ, ಹಾಗಾಗಿ ಇಂಧನ ಅಗ್ಗ. ಜರ್ಮನಿಯ ಗಡಿಗೆ ಅಂಟಿಕೊಂಡ ವಾಸರ್‌ಬಿಲ್ಲಿಗ್ ಎಂಬ ಪುಟ್ಟ ಊರಿನಲ್ಲಿ ಪೆಟ್ರೋಲ್ ಬಂಕುಗಳು ಸಾಲಾಗಿ ನಿಂತಿವೆ. ಆಚೆಯಿಂದ ಕಾರಿನವರು, ಲಾರಿಯವರು ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಾರೆ. ಆ ಡೀಸೆಲ್ ಸುಡುವುದು ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ, ಬರೆಯುವುದು ಲಕ್ಸೆಂಬರ್ಗಿನ ಹೆಸರಿಗೆ. ಹಾಗಂತ ಅವರು ಸುಮ್ನೆ ಬಲಿಪಶು ಅಂತಲೂ ಅಲ್ಲ. ತೆರಿಗೆ ಹಣ ಅವರ ಖಜಾನೆಗೇ ಬಂತು. 2021ರಲ್ಲಿ ಅವರೂ ಇಂಗಾಲ ತೆರಿಗೆ ಹಾಕಿದರು.

2009ರ ಹೊತ್ತಿಗೆ ಒಕ್ಕೂಟ 27 ದೇಶಗಳಷ್ಟು ಬೆಳೆದಿತ್ತು. ಒಬ್ಬೊಬ್ಬರ ಕಥೆ ಕೇಳುತ್ತಾ ಕೂತರೆ ಮುಗಿಯುವುದಿಲ್ಲ ಅಂತ ನಿಯಮವನ್ನೇ ಸರಳ ಮಾಡಿದರು. ತಲಾ ಜಿಡಿಪಿ ನೋಡು, ಅಷ್ಟೇ. ಇದ್ದವರು ಜಾಸ್ತಿ ಇಳಿಸಲಿ, ಇಲ್ಲದವರಿಗೆ ಬೆಳೆಯಲು ಜಾಗ ಬಿಡಲಿ. 2020ಕ್ಕೆ ಡೆನ್ಮಾರ್ಕ್, ಐರ್ಲೆಂಡ್, ಲಕ್ಸೆಂಬರ್ಗ್ ಮೂರೂ ಶೇ. 20 ಇಳಿಸಬೇಕು, ಬಲ್ಗೇರಿಯಾ ಶೇ. 20 ಏರಿಸಬಹುದು. ಆಮೇಲೆ 2018ರಲ್ಲಿ 2030ರ ಪಟ್ಟಿ ಬಂತು: ಬಲ್ಗೇರಿಯಾಕ್ಕೆ ಸೊನ್ನೆ, ಸ್ವೀಡನ್ನಿಗೆ 40, ಒಟ್ಟಾರೆ 30. 2023ರಲ್ಲಿ ಒಟ್ಟು ಗುರಿ 40ಕ್ಕೆ ಏರಿತು, ಹೆಚ್ಚಿನವರಿಗೆ 10ರಿಂದ 12 ಅಂಕ ಸೇರಿಸಿದರು. ಬಲ್ಗೇರಿಯಾ 10, ರೊಮೇನಿಯಾ 12.7, ಪೋಲೆಂಡ್ 17.7, ಐರ್ಲೆಂಡ್ 42. ಜರ್ಮನಿ, ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್, ಲಕ್ಸೆಂಬರ್ಗ್ 50. ಮಾಲ್ಟಾ ಮಾತ್ರ 19ರಲ್ಲೇ ಉಳಿಯಿತು.

ನಿಮ್ಮ ಗೆಳೆಯನ 10 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ಯಾರು ಎಷ್ಟು ಕೊಳಕು ಅನ್ನುವುದಕ್ಕೂ ಈ ಅಂಕಿಗೂ ಸಂಬಂಧ ಕಮ್ಮಿ. ಯಾರ ಕೈಲಿ ಎಷ್ಟು ಆಗುತ್ತೆ ಅನ್ನುವ ಅಂದಾಜು ಅದು. ಬಲ್ಗೇರಿಯಾ ಒಕ್ಕೂಟದ ತೀರಾ ಬಡ ದೇಶಗಳಲ್ಲಿ ಒಂದು. ಅಲ್ಲಿ ಜನರ ಆದಾಯ ಈಗ ಏರುತ್ತಿದೆ, ಕಾರು ಕೊಳ್ಳುತ್ತಿದ್ದಾರೆ. ಕೊಳ್ಳುವುದಾದರೂ ಏನು? ಪಶ್ಚಿಮ ಯುರೋಪಿನಲ್ಲಿ ಓಡಿ ಹಳತಾದ ಡೀಸೆಲ್ ಕಾರುಗಳೇ ಬಹಳಷ್ಟು ಆ ಕಡೆ ಹೋಗುತ್ತವೆ. ಏರುವ ಕಾಲದಲ್ಲಿ 10 ಇಳಿಸುವುದು ಅವರಿಗೂ ಸಲೀಸಲ್ಲ.

ಐರ್ಲೆಂಡಿನ ದೂರಿನಲ್ಲೂ ಸತ್ಯ ಇದೆ. ಅಲ್ಲಿನ ಜಿಡಿಪಿ ಊದಿಕೊಂಡ ಅಂಕಿ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಲಾಭ, ಪೇಟೆಂಟುಗಳನ್ನು ತೆರಿಗೆಯ ಅನುಕೂಲಕ್ಕೆ ಅಲ್ಲಿಗೆ ತಂದು ಬರೆಸುತ್ತವೆ. 2015ರಲ್ಲಿ ಒಂದೇ ವರ್ಷಕ್ಕೆ ಜಿಡಿಪಿ ಸುಮಾರು ಕಾಲುಭಾಗ ಏರಿದಾಗ ಜಗತ್ತೇ ನಕ್ಕಿತು. ಕಾರ್ಕ್‌ನ ಬಸ್ ಚಾಲಕನ ಸಂಬಳ ಹಾಗೆ ಏರಲಿಲ್ಲ. ಇದು ಬ್ರಸೆಲ್ಸಿಗೂ, ಅಂದರೆ ಒಕ್ಕೂಟದ ಆಡಳಿತಕ್ಕೂ, ಗೊತ್ತು. 2018ರ ಪಟ್ಟಿ ಮಾಡುವಾಗ ಬರೀ ಜಿಡಿಪಿ ನೋಡಿದ್ದರೆ ಐರ್ಲೆಂಡಿಗೆ 39 ಬರುತ್ತಿತ್ತು. ದನಗಳೇ ಜಾಸ್ತಿ ಇರುವ ದೇಶ, ಇಳಿಸುವ ಖರ್ಚು ಹೆಚ್ಚು ಅಂತ 30ಕ್ಕೆ ಇಳಿಸಿದರು. ಅಂದರೆ ರಿಯಾಯಿತಿ ಸಿಕ್ಕಿದೆ. ಅದಕ್ಕೇ ಪಟ್ಟಿ ಅನ್ಯಾಯದ್ದು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒರಟಾಗಿದೆ, ಅಷ್ಟು ಒಪ್ಪಬಹುದು. ತಲೆಗೆ ಎಷ್ಟು ಟನ್ ಅಂತ ನೋಡಿ ಹಂಚಿದ್ದರೂ ಐರ್ಲೆಂಡ್ ಮೇಲಿನ ಸಾಲಿನಲ್ಲೇ ಇರುತ್ತಿತ್ತು.

ಇನ್ನು ದಂಡ. ಮೊದಲೇ ಹೇಳುತ್ತೇನೆ: 2031ರ ಜನವರಿ 1ಕ್ಕೆ ಬ್ರಸೆಲ್ಸಿನಿಂದ ಯಾರೂ ಬಿಲ್ ಕಳಿಸುವುದಿಲ್ಲ. ನಡೆಯುವುದು ಹೀಗೆ. 2021ರಿಂದ 2030ರವರೆಗೆ ಪ್ರತಿ ವರ್ಷಕ್ಕೂ ಪ್ರತಿ ದೇಶಕ್ಕೂ ಇಂತಿಷ್ಟು ಟನ್ ಅಂತ ಕೋಟಾ ಇದೆ, ವರ್ಷವರ್ಷ ಅದು ಇಳಿಯುತ್ತಾ ಬರುತ್ತೆ. ಕೊನೆಯ ವರ್ಷದಲ್ಲಿ 42 ಮುಟ್ಟಿದರೆ ಆಗಲಿಲ್ಲ, ದಾರಿಯುದ್ದಕ್ಕೂ ಮಿತಿಯಲ್ಲಿರಬೇಕು. ಮೊದಲ ಐದು ವರ್ಷದ ತಾಳೆ 2027ರಲ್ಲಿ, ಉಳಿದದ್ದು 2032ರಲ್ಲಿ. ಮೀರಿದರೆ, ಮೀರಿದ ಪ್ರಮಾಣವನ್ನು 1.08ರಿಂದ ಗುಣಿಸಿ ಮುಂದಿನ ವರ್ಷಕ್ಕೆ ಸೇರಿಸುತ್ತಾರೆ, ಸರಿಪಡಿಸುವ ಯೋಜನೆ ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಯುರೋಪಿನ ನ್ಯಾಯಾಲಯ. ದಂಡ ಅನ್ನುವುದಿದ್ದರೆ ಅದು ಅಲ್ಲಿ, ತೀರಾ ಕೊನೆಗೆ.

ಅಷ್ಟು ದೂರ ಹೋಗದಿರಲು ದೇಶಗಳು ಮಾಡುವುದೇನೆಂದರೆ, ಕೋಟಾ ಮಿಕ್ಕಿದ ದೇಶದಿಂದ ಕೊಳ್ಳುವುದು. ನೀವು ಕೇಳಿದ 800 ಕೋಟಿಯಿಂದ 2,600 ಕೋಟಿ ಬಂದಿದ್ದು ಇಲ್ಲಿಂದ. 2025ರ ಮಾರ್ಚ್‌ನಲ್ಲಿ ಐರ್ಲೆಂಡಿನ ಹಣಕಾಸು ಸಲಹಾ ಮಂಡಳಿ ಮತ್ತು ಹವಾಮಾನ ಸಲಹಾ ಮಂಡಳಿ ಒಟ್ಟಾಗಿ ಹಾಕಿದ ಅಂದಾಜು ಅದು. ಅದರಲ್ಲಿ ಕಾಡು-ಜಮೀನು ಇಂಗಾಲ ಹೀರುವ ಗುರಿ, ನವೀಕರಿಸಬಹುದಾದ ಇಂಧನದ ಗುರಿ ತಪ್ಪಿದರೆ ಆಗುವ ಖರ್ಚೂ ಸೇರಿದೆ. ದೇಶದ ಜನಸಂಖ್ಯೆಗೆ ಭಾಗಿಸಿದರೆ ತಲೆಗೆ ಸುಮಾರು ಒಂದೂವರೆ ಸಾವಿರದಿಂದ ಐದು ಸಾವಿರದ ಹತ್ತಿರ ಯೂರೋ. ಸರ್ಕಾರ ತಾನೇ ಒಪ್ಪಿದ ಕೆಲಸಗಳನ್ನು ಮಾಡಿ ಮುಗಿಸಿದರೆ ಖರ್ಚು 300 ಕೋಟಿಯಿಂದ 1,200 ಕೋಟಿಗೆ ಇಳಿಯಬಹುದು ಅಂತಲೂ ಅದೇ ವರದಿ ಹೇಳಿತ್ತು. ಟಿವಿಯವರಿಗೆ ಆ ಸಾಲು ಅಷ್ಟು ರುಚಿಸಲಿಲ್ಲ ಅಂತ ಕಾಣುತ್ತೆ.

800ರಿಂದ 2,600 ಕೋಟಿ ಅಂದರೆ ಮೂರು ಪಟ್ಟು ದಾಟುವ ಅಂತರ. ಅಂದಾಜಿನಲ್ಲಿ ಯಾಕೆ ಇಷ್ಟು ಅಂತರ? ಯಾಕೆಂದರೆ ಕೋಟಾದ ಬೆಲೆ ಎಷ್ಟಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಇಟಿಎಸ್ ಪರ್ಮಿಟ್ಟಿಗೆ ದಿನವೂ ಬೆಲೆ ಬರೆಯುವ ಮಾರುಕಟ್ಟೆ ಇದೆ. 2023ರ ಫೆಬ್ರವರಿಯಲ್ಲಿ ಟನ್ನಿಗೆ 100 ಯೂರೋ ಮುಟ್ಟಿತ್ತು. ಈ ಕೋಟಾಕ್ಕೆ ಅಂಥ ಮಾರುಕಟ್ಟೆ ಇಲ್ಲ. ಒಂದು ದೇಶದ ಸರ್ಕಾರ ಇನ್ನೊಂದು ದೇಶದ ಸರ್ಕಾರದ ಜತೆ ಕೂತು ಮಾತಾಡಿಕೊಳ್ಳುತ್ತದೆ. 2020ರವರೆಗಿನ ಅವಧಿಯ ಲೆಕ್ಕ ಚುಕ್ತಾ ಮಾಡಲು ಜರ್ಮನಿ 2022ರಲ್ಲಿ ಬಲ್ಗೇರಿಯಾ, ಜೆಕ್ ಗಣರಾಜ್ಯ, ಹಂಗೇರಿಗಳಿಂದ ಸುಮಾರು 1.1 ಕೋಟಿ ಟನ್ ಕೊಂಡಿತು. ಐರ್ಲೆಂಡ್ ಸ್ಲೊವಾಕಿಯಾದಿಂದ 41.5 ಲಕ್ಷ ಟನ್ ಕೊಂಡಿತು. ಕೊಟ್ಟಿದ್ದು ಸುಮಾರು 29 ಲಕ್ಷ ಯೂರೋ. ಟನ್ನಿಗೆ 70 ಸೆಂಟ್! ಅದೇ ಹೊತ್ತಿಗೆ ಇಟಿಎಸ್‌ನಲ್ಲಿ ಒಂದು ಟನ್ನಿನ ಬೆಲೆ ಅದರ ನೂರು ಪಟ್ಟು.

ಹಾಗಾದರೆ ನಾಟಕವೇ ಅಂತ ನೀವು ಕೇಳಬಹುದು. ಆ ಸುತ್ತಿನಲ್ಲಿ, ಸ್ವಲ್ಪ ಮಟ್ಟಿಗೆ, ಹೌದು. ಪೂರ್ವ ಯುರೋಪಿಗೆ ಏರಿಸಲು ಕೊಟ್ಟ ಜಾಗ ಉದಾರವಾಗಿತ್ತು, ಅದನ್ನು ಅವರು ಪೂರ್ತಿ ಬಳಸಲಿಲ್ಲ. ಅದರ ಮೇಲೆ 2020ರಲ್ಲಿ ಕೋವಿಡ್ ಬಂದು ರಸ್ತೆಗಳೇ ಖಾಲಿಯಾದವು. ಮಾರುವವರು ತುಂಬಾ, ಕೊಳ್ಳುವವರು ಬೆರಳೆಣಿಕೆ. ಬೆಲೆ ಬಿತ್ತು.

ಈ ಸಲ ಪರಿಸ್ಥಿತಿ ಉಲ್ಟಾ. ಬಲ್ಗೇರಿಯಾಕ್ಕೂ ಈಗ ಇಳಿಸುವ ಗುರಿಯೇ ಇದೆ. ಜರ್ಮನಿಯ ಕಾರು ಮತ್ತು ಮನೆಗಳು ಅದರ 50ರಿಂದ ದೂರದಲ್ಲಿವೆ. ಐರ್ಲೆಂಡಿನ ಪರಿಸರ ಸಂರಕ್ಷಣಾ ಸಂಸ್ಥೆಯ 2025ರ ಅಂದಾಜಿನ ಪ್ರಕಾರ, ಹೇಳಿದ್ದೆಲ್ಲ ಮಾಡಿದರೂ 42ರ ಅರ್ಧದಷ್ಟು ಮುಟ್ಟಿದರೆ ಹೆಚ್ಚು. ಎಲ್ಲ ದೇಶದ ಯೋಜನೆಗಳನ್ನೂ ಕೂಡಿಸಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ 2025ರ ಮೇನಲ್ಲಿ ಲೆಕ್ಕ ಹಾಕಿದಾಗ ಒಟ್ಟು 40ರ ಬದಲು 38ರ ಆಸುಪಾಸು ಬಂತು. ಎರಡೇ ಅಂಕ ಕಮ್ಮಿ ಅಂತ ಸಮಾಧಾನ ಪಡಬೇಡಿ. ಒಟ್ಟು ಮೊತ್ತವೇ ಕೊರತೆಯಲ್ಲಿದ್ದರೆ ಎಲ್ಲರಿಗೂ ಸಾಕಾಗುವಷ್ಟು ಕೋಟಾ ಮಾರಾಟಕ್ಕೆ ಎಲ್ಲಿಂದ ಬರಬೇಕು? ಮೊದಲ ವರ್ಷಗಳಲ್ಲಿ ಉಳಿಸಿಟ್ಟವರ ಬಳಿ ಒಂದಿಷ್ಟು ಇದೆ, ಅಷ್ಟೇ. ಅವರೂ ತಮ್ಮ 2030ರ ಭಯಕ್ಕೆ ಬಿಗಿ ಹಿಡಿಯುತ್ತಾರೆ. ಮಾರಲು ಬಿಡುವ ಪ್ರಮಾಣಕ್ಕೂ ಕಾನೂನಿನ ಮಿತಿ ಇದೆ. 70 ಸೆಂಟಿನ ಬೆಲೆ ನೋಡಿ ಯಾವ ಸರ್ಕಾರವಾದರೂ ನಿಶ್ಚಿಂತೆಯಿಂದ ಕೂತಿದ್ದರೆ ಅದು ದೊಡ್ಡ ಜೂಜು.

ಹಾಗಾದರೆ ಐರ್ಲೆಂಡಿನ ಮುಂದೆ ಇರುವ ದಾರಿಗಳೇನು? ಕೊಳ್ಳುವುದು ಒಂದು, ಅದರ ಅಪಾಯ ಹೇಳಿದೆ. ಕೊಳ್ಳುವುದಾದರೆ ಬೇಗ ಮಾತಾಡಿ, ಕೊಟ್ಟ ಹಣ ಆ ದೇಶದಲ್ಲಿ ಬಡವರ ಮನೆಯ ಒಲೆ, ಬಾಯ್ಲರ್ ಬದಲಿಸಲು ಹೋಗಲಿ ಅಂತ ಷರತ್ತು ಹಾಕುವುದು ಜಾಣತನ. ಆಗ ನಾಟಕ ಅನ್ನುವ ಮಾತು ಸ್ವಲ್ಪ ತಗ್ಗುತ್ತೆ. ಇನ್ನೊಂದು ದಾರಿ, ಹರಾಜಿಗೆ ಇಡಬೇಕಿದ್ದ ತನ್ನ ಇಟಿಎಸ್ ಪರ್ಮಿಟ್‌ಗಳನ್ನು ರದ್ದು ಮಾಡಿ ಆ ಟನ್ನುಗಳನ್ನು ಇಲ್ಲಿಗೆ ಜಮೆ ಮಾಡಿಕೊಳ್ಳುವುದು. ಐರ್ಲೆಂಡ್ ಸೇರಿ ಒಂಬತ್ತು ದೇಶಗಳಿಗೆ ಮಾತ್ರ ಈ ಅವಕಾಶ ಇದೆ. ಪುಕ್ಕಟೆ ಅಂತ ಕಾಣುತ್ತೆ, ಆದರೆ ಹರಾಜಿನ ಆದಾಯ ಖೋತಾ. ಕಾಡು-ಜಮೀನಿನಿಂದ ಜಮೆ ತರುವುದು ಮೂರನೆಯದು. ಐರ್ಲೆಂಡಿನಲ್ಲಿ ಇದು ಕೈ ಹಿಡಿಯುವುದು ಕಷ್ಟ. ಅಲ್ಲಿನ ಜೌಗು ನೆಲವನ್ನು ತಲೆಮಾರುಗಳಿಂದ ಬಸಿದು ಹುಲ್ಲುಗಾವಲು ಮಾಡಿದ್ದಾರೆ, ಬಸಿದ ಜೌಗು ಮಣ್ಣು ಇಂಗಾಲ ಹೀರುವ ಬದಲು ಬಿಡುತ್ತಾ ಇರುತ್ತೆ. ಉಳಿದದ್ದು ಮನೆಯಲ್ಲೇ ಇಳಿಸುವುದು. ಖರ್ಚು ಅದಕ್ಕೂ ಇದೆ, ಆದರೆ ಬಸ್ಸು, ಬೆಚ್ಚನೆಯ ಗೋಡೆ, ಮರ ಇವೆಲ್ಲ ಅಲ್ಲೇ ಉಳಿಯುತ್ತವೆ. ಕೊಂಡ ಕೋಟಾ 2032ರಲ್ಲಿ ಕಾಗದದ ಮೇಲೆ ರದ್ದಾಗಿ ಮುಗಿಯುತ್ತೆ.

ಈಗ ನಿಮ್ಮ ಭಾವನ ಹಸುಗಳಿಗೆ ಬರೋಣ. ಆ ವಾಟ್ಸಾಪ್ ಸಂದೇಶಕ್ಕೆ ಒಂದು ಬೇರು ಇದೆ. 2023ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆಯ ಒಳಗಿನ ಒಂದು ಕಾಗದ ಪತ್ರಿಕೆಗೆ ಸಿಕ್ಕಿತು. ಮೂರು ವರ್ಷದಲ್ಲಿ ಸುಮಾರು 2 ಲಕ್ಷ ಹಾಲಿನ ಹಸು ಕಮ್ಮಿ ಮಾಡಿದರೆ ಎಷ್ಟು ಖರ್ಚು, ಎಷ್ಟು ಲಾಭ ಅನ್ನುವ ಲೆಕ್ಕ ಅದರಲ್ಲಿತ್ತು. ಅದು ಲೆಕ್ಕಾಚಾರ ಮಾತ್ರ, ತೀರ್ಮಾನ ಅಲ್ಲ ಅಂತ ಇಲಾಖೆ ಆಗಲೇ ಹೇಳಿತು. ಆದೇಶ ಬರಲಿಲ್ಲ. ಆದರೆ ಸುದ್ದಿ ಸಮುದ್ರ ದಾಟಿ ಹಾಸನಕ್ಕೂ ಬಂತು.

ಕಳವಳದ ಕಾರಣ ಮಾತ್ರ ನಿಜ. ಐರ್ಲೆಂಡಿನಲ್ಲಿ ಜನಕ್ಕಿಂತ ದನ ಜಾಸ್ತಿ. 2015ರಲ್ಲಿ ಯುರೋಪ್ ಹಾಲಿನ ಉತ್ಪಾದನೆಗಿದ್ದ ಮಿತಿ ತೆಗೆದ ಮೇಲೆ ಹಾಲಿನ ಹಸುಗಳನ್ನು ಇನ್ನಷ್ಟು ಸಾಕಿದರು. ದೇಶದ ಒಟ್ಟು ಎಮಿಷನ್ನಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಬೇಸಾಯದ್ದು, ಅದರಲ್ಲೂ ಹಸು ಮೆಲುಕು ಹಾಕಿ ತೇಗುವಾಗ ಬರುವ ಮಿಥೇನ್. ಈ ಲೆಕ್ಕದಲ್ಲಿ ಒಂದು ಟನ್ ಮಿಥೇನಿಗೆ 28 ಟನ್ ಇಂಗಾಲದ ಡೈಆಕ್ಸೈಡ್ ಅಂತ ಬರೆಯುತ್ತಾರೆ. ತೇಗು ತಗ್ಗಿಸುವ ಪುಡಿಗಳಿವೆ, ಆದರೆ ಅವು ಮೇವಿನ ಜತೆ ಪ್ರತಿ ತುತ್ತಿಗೂ ಸಿಗಬೇಕು. ಕೊಟ್ಟಿಗೆಯಲ್ಲಿ ಕಟ್ಟಿ ಹಾಕುವ ಹಸುವಿಗೆ ಸುಲಭ, ವರ್ಷದ ಬಹುಪಾಲು ಬಯಲಲ್ಲಿ ಮೇಯುವ ಐರಿಶ್ ಹಸುವಿಗೆ ಕಷ್ಟ. ಸದ್ಯಕ್ಕೆ ಅಲ್ಲಿ ಫಲ ಕೊಡುತ್ತಿರುವುದು ಬೇಗ ಆವಿಯಾಗದ ಯೂರಿಯಾ, ಸಗಣಿ-ಗಂಜಲದ ಗೊಬ್ಬರವನ್ನು ಎರಚದೆ ನೆಲಕ್ಕೇ ತಾಗಿಸಿ ಹಾಕುವುದು, ಹುಲ್ಲಿನ ಜತೆ ಕ್ಲೋವರ್ ಎಂಬ ದ್ವಿದಳ ಮೇವು ಬೆಳೆಯುವುದು. ಡೆನ್ಮಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2030ರಿಂದ ಜಾನುವಾರುಗಳ ಎಮಿಷನ್ನಿಗೆ ಟನ್ನಿಗೆ 300 ಕ್ರೋನರ್, 2035ಕ್ಕೆ 750 ಕ್ರೋನರ್ ತೆರಿಗೆ, ಶೇ. 60 ವಿನಾಯಿತಿ ಕಳೆದರೆ ರೈತ ಕಟ್ಟುವುದು 120 ಮತ್ತು 300.

ಇದು ನಮ್ಮೂರಿಗೆ ಬರುತ್ತಾ? ಎಫರ್ಟ್ ಶೇರಿಂಗ್ ಯುರೋಪಿನ ಒಳಗಿನ ಕಾನೂನು. ಅದರ ಹೊರಗಿನಿಂದ ಸೇರಿಕೊಂಡವರು ನಾರ್ವೆ, ಐಸ್‌ಲ್ಯಾಂಡ್ ಮಾತ್ರ. ಭಾರತಕ್ಕೆ ಹೈನುಗಾರಿಕೆಯ ಮೇಲೆ ಅಂಥ ಯಾವ ಕಟ್ಟುಪಾಡೂ ಇಲ್ಲ. 2021ರಲ್ಲಿ ಗ್ಲಾಸ್ಗೊದಲ್ಲಿ ಬಂದ ಮಿಥೇನ್ ಒಪ್ಪಂದಕ್ಕೂ ಭಾರತ ಸಹಿ ಹಾಕಲಿಲ್ಲ. ಎರಡು ಮೂರು ಹಸು ಸಾಕಿ ಬದುಕುವವರ ಹೊಟ್ಟೆಯ ಪ್ರಶ್ನೆ ಅನ್ನುವುದು ನಮ್ಮ ವಾದ. ನಿಮ್ಮ ಭಾವ ನಿಶ್ಚಿಂತೆಯಿಂದ ಡೈರಿಗೆ ಹಾಲು ಹಾಕಲಿ. ಕರ್ನಾಟಕಕ್ಕೆ ಯುರೋಪಿನ ಲೆಕ್ಕ ನಿಜವಾಗಿ ತಾಗುವುದು ಬೇರೆ ಬಾಗಿಲಿನಿಂದ. 2026ರ ಜನವರಿಯಿಂದ ಯುರೋಪಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನ ಮೇಲೆ ಇಂಗಾಲದ ಸುಂಕದ ಲೆಕ್ಕ ಶುರುವಾಗಿದೆ. ಅದು ಇಟಿಎಸ್ ಕಡೆಯ ವಿಷಯ, ಬಳ್ಳಾರಿಯ ಉಕ್ಕಿನವರು ತಲೆಕೆಡಿಸಿಕೊಳ್ಳಬೇಕಾದ್ದು.

ಕೊನೆಗೆ ನಿಮ್ಮ ಬಾಯ್ಲರ್. ಕೋಟಾ ಕೊಳ್ಳುವ ಹಣ ಸರ್ಕಾರದ ಖಜಾನೆಯಿಂದಲೇ ಹೋಗುವುದು, ಅಂದರೆ ಎಲ್ಲರ ತೆರಿಗೆ. ಅದಕ್ಕಾಗಿ ನಿಮ್ಮ ಹೆಸರಿಗೆ ಬೇರೆ ಚೀಟಿ ಬರುವುದಿಲ್ಲ. ನಿಮಗೆ ನೇರವಾಗಿ ತಾಗುವುದು ಇಂಗಾಲ ತೆರಿಗೆ. 2025ರಲ್ಲಿ ಐರ್ಲೆಂಡಿನಲ್ಲಿ ಅದು ಟನ್ನಿಗೆ 63.50 ಯೂರೋ ಇತ್ತು, 2030ಕ್ಕೆ 100 ಮುಟ್ಟಿಸುವ ಯೋಜನೆ. ಐರ್ಲೆಂಡಿನ ಆಯಿಲ್ ಬಾಯ್ಲರ್ ಸುಡುವುದು ನಮ್ಮ ಸೀಮೆಎಣ್ಣೆಯನ್ನೇ. 1,000 ಲೀಟರ್ ತುಂಬಿಸಿದರೆ 2025ರ ದರದಲ್ಲಿ ಸುಮಾರು 160 ಯೂರೋ ಈ ತೆರಿಗೆಯೇ ಆಗುತ್ತೆ, 100ರ ದರದಲ್ಲಿ 250. ಇದರ ಜತೆಗೆ ಯುರೋಪ್ ಮಟ್ಟದಲ್ಲಿ ರಸ್ತೆ ಮತ್ತು ಮನೆಯ ಇಂಧನಕ್ಕೂ ಒಂದು ಪರ್ಮಿಟ್ ವ್ಯವಸ್ಥೆ ತರುವುದಿತ್ತು. 2027ಕ್ಕೆ ಅಂದುಕೊಂಡಿದ್ದನ್ನು ಪೂರ್ವದ ದೇಶಗಳ ಒತ್ತಡಕ್ಕೆ 2028ಕ್ಕೆ ಮುಂದೂಡಿದ್ದಾರೆ. ಅದು ಬಂದು ಗಟ್ಟಿಯಾದರೆ, 2030ರ ನಂತರ ದೇಶಕ್ಕಿಷ್ಟು ಅಂತ ಹಂಚುವುದು ಬೇಕೇ ಬೇಡವೇ ಅನ್ನುವ ಚರ್ಚೆಯೂ ಜೋರಾಗುತ್ತೆ. ನನಗೆ ಆ ಹಂಚಿಕೆ ಉಳಿಯಬೇಕು ಅನಿಸುತ್ತೆ. ಬೆಲೆ ಏರಿದರೆ ಜನ ಪೇಚಾಡುತ್ತಾರೆ, ಸರಿ. ಆದರೆ ಬಸ್ ಓಡಿಸಬೇಕಾದ್ದು, ಹಳೇ ಮನೆ ದುರಸ್ತಿಗೆ ಸಹಾಯಧನ ಕೊಡಬೇಕಾದ್ದು ಸರ್ಕಾರ. ಅದರ ಕೊರಳಿಗೂ ಒಂದು ಅಂಕಿ ಇರಲಿ.

ಹಾಗಂತ ಹೆದರಿಕೊಂಡು ನಾಳೆಯೇ ಬಾಯ್ಲರ್ ಕಿತ್ತು ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ತರುವ ಯಂತ್ರ) ಹಾಕಿಸಬೇಡಿ. ಹಳೇ ಮನೆ ಅಂದಿರಿ. ಗಾಳಿ ಸೋರುವ ಮನೆಗೆ ಹೀಟ್ ಪಂಪ್ ಹಾಕಿದರೆ ಮನೆಯೂ ಬೆಚ್ಚಗಾಗಲ್ಲ, ಕರೆಂಟ್ ಬಿಲ್ಲೂ ಏರುತ್ತೆ. ಮೊದಲು ಮನೆಯ ಎನರ್ಜಿ ರೇಟಿಂಗ್ ಮಾಡಿಸಿ. ಅಟ್ಟದ ಇನ್ಸುಲೇಷನ್, ಆಮೇಲೆ ಗೋಡೆ, ಕಿಟಕಿ. ಇವಕ್ಕೆ ಅಲ್ಲಿ ಸರ್ಕಾರದ ಸಹಾಯಧನ ಇದೆ, ಆದರೆ ಮಂಜೂರಾಗುವ ಮುಂಚೆ ಕೆಲಸ ಶುರು ಮಾಡಿದರೆ ಸಿಗುವುದಿಲ್ಲ. ಬಾಯ್ಲರ್ ಚೆನ್ನಾಗಿ ನಡೆಯುತ್ತಿದ್ದರೆ ಅದು ಕೆಡುವವರೆಗಿನ ಸಮಯವನ್ನು ಈ ಕೆಲಸಕ್ಕೆ ಬಳಸಿಕೊಳ್ಳಿ. ಕೆಟ್ಟ ದಿನ ಗಡಿಬಿಡಿಯಲ್ಲಿ ಮತ್ತೊಂದು ಆಯಿಲ್ ಬಾಯ್ಲರನ್ನೇ ಹಾಕಿಸಿಕೊಂಡರೆ ಇನ್ನು ಹದಿನೈದು ವರ್ಷ ಅದರ ಜತೆಗೇ ಬಾಳಬೇಕಾಗುತ್ತೆ.